ತಿಮ್ಮವ್ವ ಒಗೆಯದೆ ತಂದ ಬಟ್ಟೆ

ರಂಗಂಪೇಟೆಯ ತಿಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ಅವಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಮನೆಮನೆಯ ಬಟ್ಟೆ ಒಗೆಯುವುದು ಅವಳ ಕಸುಬು. ಹೊದಿಕೆಯ ಬೆವರು, ಅಂಗಿಯ ಮೇಲಿನ ಕಲೆ, ಅಜ್ಜನ ಧೋತರದ ವಾಸನೆ, ಇವೆಲ್ಲ ಅವಳ ಕೈಗೆ ಸುದ್ದಿ ಹೇಳುತ್ತಿದ್ದವು. ಆ ಸುದ್ದಿಯನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ.

ಮೊದಲೆಲ್ಲ ಬಾವಿಯ ನೀರು ಸೇದಿ ಸೇದಿ ಅವಳ ರಟ್ಟೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಕೊಡ ನೀರಿಗೆ ಜಗಳವೇ ಆಗುತ್ತಿತ್ತು. ಕೃಷ್ಣೆಯ ನೀರು ಕಾಲುವೆಗೆ ಹರಿದು ಬಂದ ಮೇಲೆ ಅವಳಿಗೆ ಒಂದು ಬಗೆಯ ಸುಖ ಬಂತು. ಆ ಕಾಲುವೆ ತೋಡುವಾಗ ಗಂಡ ಯಂಕಣ್ಣ ಮೂರು ವರ್ಷ ಮಣ್ಣು ಹೊತ್ತಿದ್ದ. ಕಾಲುವೆಯ ಕಲ್ಲುಹಾಸಿನ ಮೇಲೆ ಬಟ್ಟೆ ಬಡಿಯುವಾಗ ತಿಮ್ಮವ್ವನಿಗೆ ಅದು ತಮ್ಮ ಮನೆಯ ಅಂಗಳದಷ್ಟೇ ಸ್ವಂತದ್ದು ಅನ್ನಿಸುತ್ತಿತ್ತು.

ಆ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ತಾಲೂಕು ಕಚೇರಿಯ ಗುಮಾಸ್ತ ಅಮರಪ್ಪನ ಮಗಳು ಮೋನಮ್ಮ ಚೊಚ್ಚಲ ಹೆರಿಗೆಗೆ ಶಹಾಪುರದಿಂದ ತವರಿಗೆ ಬಂದಳು. ದಿನ ತುಂಬುವ ಮೂರು ವಾರ ಮೊದಲೇ ಹೆಣ್ಣು ಕೂಸು ಹುಟ್ಟಿತು. ಚಿಕ್ಕದು, ಆದರೆ ಕೈಕಾಲು ಚೆನ್ನಾಗಿದ್ದವು. ಎರಡನೆಯ ದಿನವೇ ದವಾಖಾನೆಯಿಂದ ಮನೆಗೆ ಕರೆತಂದರು. ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ ಒಗೆಯಲು ಮೋನಮ್ಮನ ತಾಯಿ ದೇವಕಮ್ಮ ತಿಮ್ಮವ್ವನಿಗೇ ಹೇಳಿಕಳಿಸಿದಳು.

ದಿನಾ ಮುಂಜಾನೆ ತಿಮ್ಮವ್ವ ಹಿತ್ತಲ ಬಾಗಿಲಲ್ಲಿ ನಿಂತು ಗಂಟು ಇಸಿದುಕೊಳ್ಳುತ್ತಿದ್ದಳು. ಒಳಗೆ ಹೋಗುವ ರೂಢಿ ಅವಳಿಗಿರಲಿಲ್ಲ.

"ನಮ್ಮ ಮೊಮ್ಮಗಳು ಭಾಳ ಶಾಣ್ಯಾಕಿ ನೋಡ ತಿಮ್ಮವ್ವ," ಎಂದು ದೇವಕಮ್ಮ ಹಿಗ್ಗುತ್ತಿದ್ದಳು. "ಅಳೂದ ಇಲ್ಲ. ಮಲಗಿಸಿದಲ್ಲೆ ಮಲಗಿರ್ತಾಳ. ಓಣ್ಯಾಗ ಕೂಸು ಅದನೋ ಇಲ್ಲೋ ಗೊತ್ತಾಗಂಗಿಲ್ಲ."

"ಒಳ್ಳೇದ ಆತ ಬಿಡ್ರೆಕ್ಕಾರ," ಎಂದು ತಿಮ್ಮವ್ವ ಗಂಟು ತಲೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದಳು.

ಐದನೆಯ ದಿನ ಕಾಲುವೆಯ ದಂಡೆಯಲ್ಲಿ ಗಂಟು ಬಿಚ್ಚಿದಾಗ ಅವಳ ಕೈ ನಿಂತಿತು. ಬಾಣಂತಿಯ ಸೀರೆ, ಹಾಸಿಗೆಯ ದುಪ್ಪಟಿ ಎಲ್ಲ ಇದ್ದವು. ಕೂಸಿಗೆ ಹಾಸುವ ಹಳೆ ಧೋತರದ ತುಂಡುಗಳು ಮಾತ್ರ ಎರಡೇ. ಮೊದಲ ದಿನ ಒಂದೋ ಎರಡೋ ಇದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಗ ಎಲ್ಲ ಕೂಸುಗಳೂ ಅಷ್ಟೇ. ಆದರೆ ಎದೆಹಾಲು ಇಳಿದ ಮೇಲೆ, ಐದನೆಯ ದಿನದ ಹೊತ್ತಿಗೆ, ದಿನಕ್ಕೆ ಆರೇಳು ತುಂಡು ತೊಯ್ದು ತಪ್ಪಡಿಯಾಗಿರಬೇಕು. ಅವಳು ಒಂದು ತುಂಡನ್ನು ಬಿಸಿಲಿಗೆ ಹಿಡಿದಳು. ಅಂಗೈಯಗಲ ಉಚ್ಚೆಯ ಕಲೆ, ಅದರ ನಡುವೆ ಇಟ್ಟಿಗೆಯ ಪುಡಿ ಉದುರಿದಂಥ ಕೆಂಪು. ಇನ್ನೊಂದರ ಮೇಲೆ ಹುಟ್ಟಿದ ದಿನದ್ದೇ ಕರಿ ಜಿಗುಟು ಮಲ. ಇಷ್ಟು ಹೊತ್ತಿಗೆ ಅದು ಅರಿಶಿನದ ಹಾಗೆ ಹಳದಿಗೆ ತಿರುಗಿರಬೇಕಿತ್ತು.

ಪಕ್ಕದ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದ ಲಾಲಮ್ಮ, "ಯಾಕ ತಿಮ್ಮಕ್ಕ, ಹಂಗ ಕುಂತಿ?" ಎಂದಳು.

ತಿಮ್ಮವ್ವ ಆ ತುಂಡನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದಳು. ದೊಡ್ಡವರ ಮನೆಯ ಕೂಸು. ಹೇಳಿದರೆ ಏನಂದಾರು? ಹೇಳದಿದ್ದರೆ? ಒಂದು ಗಳಿಗೆ ಹರಿಯುವ ನೀರನ್ನೇ ನೋಡಿದಳು. ಆಮೇಲೆ ಆ ಎರಡು ತುಂಡುಗಳನ್ನು ಒದ್ದೆ ಮಾಡದೆ ಸೆರಗಿನಲ್ಲಿ ಸುತ್ತಿಕೊಂಡು, ಉಳಿದ ಬಟ್ಟೆಯನ್ನು ಲಾಲಮ್ಮನ ವಶಕ್ಕೆ ಬಿಟ್ಟು, ಬಂದ ದಾರಿಯಲ್ಲೇ ಸರಸರ ನಡೆದಳು.

ಅವಳು ಒಗೆಯದ ಬಟ್ಟೆಯೊಂದಿಗೆ ಮರಳಿದ್ದನ್ನು ನೋಡಿ ದೇವಕಮ್ಮ ಹುಬ್ಬು ಗಂಟಿಕ್ಕಿದಳು.

"ಅಕ್ಕಾರ, ಕೂಸಿನ ಬಟ್ಟಿ ಇವೆರಡ ಏನ್ರಿ? ಮತ್ತೆಲ್ಲೆರ ಬಿಟ್ಟೀರೇನ?"

"ಅಷ್ಟ. ಯಾಕ?"

"ಕೂಸಿನ ಹೊಟ್ಟಿಗಿ ಹಾಲು ಹೋಗವಲ್ದು ಅನ್ನಸ್ತದರಿ."

ದೇವಕಮ್ಮನ ಮುಖ ಕೆಂಪಾಯಿತು. "ಏನ ಮಾತಾಡ್ತೀಯ? ನನ್ನ ಮಗಳ ಎದಿ ತುಂಬಿ ಕಲ್ಲಾಗ್ಯಾವ. ಕೂಸು ಅತ್ತಿದ್ರ ಹಸಿವು ಅನ್ನಬೇಕು. ಅಳದ ಕೂಸಿಗಿ ಎಲ್ಲೀ ಹಸಿವು? ಬಟ್ಟಿ ಒಗಿಯಾಕಿ, ಬಟ್ಟಿ ಒಗಿ."

ಬೇರೆ ದಿನವಾಗಿದ್ದರೆ ತಿಮ್ಮವ್ವ ತಲೆ ತಗ್ಗಿಸಿ ಹೊರಡುತ್ತಿದ್ದಳು. ಆ ದಿನ ಅವಳು ಆ ಎರಡೂ ತುಂಡುಗಳನ್ನು ಹಿತ್ತಲ ಕಟ್ಟೆಯ ಮೇಲೆ ಹರವಿದಳು. "ಬೈಯಿರಿ ಅಕ್ಕಾರ, ಬೈಸ್ಕೋತೀನಿ. ಖರೆ ಒಮ್ಮೆ ನೋಡ್ರಿ. ಇದು ಹಾಲು ಕುಡದ ಕೂಸಿನ ಉಚ್ಚಿ ಅಲ್ರಿ. ಅಳಾಕ ಸೈತ ಕಸುವು ಇಲ್ಲ ಅದಕ್ಕ."

ಕಚೇರಿಗೆ ಹೊರಟು ನಿಂತಿದ್ದ ಅಮರಪ್ಪ ಮಾತು ಕೇಳಿ ಹಿತ್ತಲಿಗೆ ಬಂದ. ಕಲೆಯನ್ನು ನೋಡಿದ, ತಿಮ್ಮವ್ವನ ಮುಖ ನೋಡಿದ. "ಒಳಗ ಬಾ ತಿಮ್ಮವ್ವ. ಕೂಸಿನ್ನ ನೋಡು," ಎಂದ.

ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ ತುಂಬಿತ್ತು. ಮೋನಮ್ಮ ಕೂಸನ್ನು ಎದೆಗೆ ಹಚ್ಚಿದಳು. ಅದು ಮೊಲೆಯ ತುದಿಯನ್ನಷ್ಟೇ ತುಟಿಯಲ್ಲಿ ಹಿಡಿದು ಎರಡು ಸಲ ಚೀಪಿ ಕಣ್ಣು ಮುಚ್ಚಿತು. ನೋವಿಗೆ ಮೋನಮ್ಮ ಹಲ್ಲು ಕಚ್ಚಿದಳು. ತಿಮ್ಮವ್ವ ಕೂಸಿನ ಗಂಟಲ ಬಳಿ ಕಿವಿಯಿಟ್ಟಳು. ಗುಟುಕಿನ ಸದ್ದೇ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಾಗ ಕೂಸಿನ ಮೈ ಹಳದಿ ಕಂಡಿತು. ಅಂಗಾಲು ತಿಕ್ಕಿದರೂ ಕಣ್ಣು ತೆರೆಯಲಿಲ್ಲ.

"ತಡ ಬ್ಯಾಡ್ರಿ ಸಾಹೇಬ್ರ. ದವಾಖಾನಿಗಿ ನಡೀರಿ."

ಅಮರಪ್ಪ ಕರೆಸಿದ ಓಣಿಯ ವಹಾಬನ ಆಟೋ ಬಂತು. ದೇವಕಮ್ಮ ಸೆರಗು ಹೊದ್ದು ಹತ್ತಿದಳು. ಆಟೋ ಹೊರಡುವ ಮುನ್ನ ಮೋನಮ್ಮ ತಿಮ್ಮವ್ವನ ಕೈ ಹಿಡಿದು ಒಳಗೆಳೆದುಕೊಂಡಳು.

ಸುರಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಹಣಮಂತಮ್ಮ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದಳು. ಹುಟ್ಟಿದಾಗ ಎರಡು ಕಿಲೋ ಆರುನೂರು ಇದ್ದದ್ದು ಈಗ ಎರಡು ಕಿಲೋ ಇನ್ನೂರು. ಡಾಕ್ಟರರು ಕಾಮಾಲೆಗೆ ರಕ್ತ ಪರೀಕ್ಷೆ ಮಾಡಿಸಿ, ಎರಡು ದಿನ ಅಲ್ಲೇ ಇರಬೇಕೆಂದರು. ಹಣಮಂತಮ್ಮ ಮೋನಮ್ಮನ ಹಾಲನ್ನು ಬಟ್ಟಲಿಗೆ ಹಿಂಡಿಸಿ ಚಮಚದಿಂದ ಹನಿಹನಿಯಾಗಿ ಕುಡಿಸಿದಳು. ಕೂಸು ಸ್ವಲ್ಪ ಚೇತರಿಸಿಕೊಂಡ ಮೇಲೆ ಎದೆಗೆ ಹಚ್ಚುವುದನ್ನು ಹೊಸದಾಗಿ ಕಲಿಸಿದಳು.

"ತುದಿ ಅಷ್ಟ ಕೊಡಬ್ಯಾಡವಾ. ಬಾಯಿ ದೊಡ್ಡದಾಗಿ ತೆರೀಲಿ, ಸುತ್ತಿನ ಕಪ್ಪು ಭಾಗ ಬಾಯಾಗ ಹೋಗ್ಲಿ, ಗದ್ದ ನಿನ್ನ ಎದಿಗಿ ತಾಗ್ಲಿ. ಎರಡ ತಾಸಿಗೊಮ್ಮೆ ಎಬ್ಬಿಸಿ ಕುಡಿಸು. ತಾನ ಏಳ್ತದ ಅಂತ ದಾರಿ ಕಾಯಬ್ಯಾಡ."

ಮರುದಿನ ಮಧ್ಯಾಹ್ನ ದವಾಖಾನೆಯ ಕೋಣೆಯಲ್ಲಿ ತಿಮ್ಮವ್ವನೂ ತಾನೂ ಇಬ್ಬರೇ ಇದ್ದಾಗ ಮೋನಮ್ಮ ಕೇಳಿದಳು: "ಚಿಗವ್ವಾ, ಮನ್ಯಾಗಿನ ಯಾರಿಗೂ ತಿಳೀದ್ದು ನಿನಗ ಹೆಂಗ ತಿಳೀತು?"

ತಿಮ್ಮವ್ವ ಕೂಸಿನ ಕಾಲಿನ ಮೇಲಿನ ಬಟ್ಟೆ ಸರಿಮಾಡಿದಳು. "ನನ್ನ ಮೊದಲ ಮಗಳೂ ಭಾಳ ಸಮಾಧಾನದಾಕಿ ಇದ್ಲವ್ವ. ಅಳತಿದ್ದಿಲ್ಲ. ಎಲ್ಲಾರೂ ಹೊಗಳವರ. ನಾನೂ ಖುಷಿ ಪಟ್ಟೆ. ಒಂಬತ್ತು ದಿನ ಇದ್ಲು. ಅಕಿ ಬಟ್ಟೀನೂ ನಾನ ಒಗಿತಿದ್ದೆ. ಇಂಥದ ಕೆಂಪು ಕಲಿ. ನನಗ ಓದಾಕ ಬರಲಿಲ್ಲ ಅದು." ಅವಳ ದನಿ ನಡುಗಲಿಲ್ಲ. ಮೋನಮ್ಮನೇ ಅತ್ತಳು. "ಅಳಬ್ಯಾಡ, ಹಸಿ ಬಾಣಂತಿ," ಎಂದು ತಿಮ್ಮವ್ವ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಆಗಲೇ ಕೂಸು ಬಾಯಿ ಅಗಲಿಸಿ ತಾಯಿಯ ಎದೆಯನ್ನು ಗಟ್ಟಿಯಾಗಿ ಹಿಡಿಯಿತು. ಚೀಪಿತು, ತುಸು ನಿಂತಿತು, ಗುಟುಕ್ ಎಂದಿತು. ಮತ್ತೆ ಗುಟುಕ್. ಇಬ್ಬರೂ ಉಸಿರು ಬಿಗಿಹಿಡಿದು ಆ ಸದ್ದು ಕೇಳಿದರು. ಹದಿನೈದು ನಿಮಿಷದ ಮೇಲೆ ಕೂಸು ತಾನಾಗಿಯೇ ಬಾಯಿ ಬಿಟ್ಟು, ಮುಷ್ಟಿ ಸಡಿಲಿಸಿ, ಗಲ್ಲದ ಮೇಲೆ ಹಾಲು ಸುರಿಸಿಕೊಂಡು ಮಲಗಿತು. "ಚಿಗವ್ವಾ, ಎದಿ ಹಗೂರಾತು," ಎಂದು ಮೋನಮ್ಮ ಬೆರಗಿನಿಂದ ಹೇಳಿದಳು.

ಮನೆಗೆ ಮರಳಿದ ಮೇಲೆ ಗಂಟಿನಲ್ಲಿ ಐದು ತುಂಡು ಬಂದವು, ಆಮೇಲೆ ಏಳು. ಹಳದಿ ಕಲೆ ಹೋಗಲಾಡಿಸಲು ತಿಮ್ಮವ್ವನಿಗೆ ಎರಡು ಪಟ್ಟು ಸಾಬೂನು ಬೇಕಾಯಿತು. ಕಾಲುವೆಯ ದಂಡೆಯಲ್ಲಿ ಅವಳು ಆ ಹೊಲಸು ಬಟ್ಟೆಗಳನ್ನು ಮೆಲ್ಲಗೆ, ಮುದ್ದಿನಿಂದ ಒಗೆಯುವುದನ್ನು ನೋಡಿ ಲಾಲಮ್ಮ ನಕ್ಕಳು. ಹದಿನೈದನೆಯ ದಿನ ತೂಗಿದಾಗ ಕೂಸು ಹುಟ್ಟಿದ ತೂಕವನ್ನು ಮುಟ್ಟಿ ಮುಂದೆ ಹೋಗಿತ್ತು.

ಮೂರನೆಯ ವಾರ ದಾಟುತ್ತಲೇ ಕೂಸು ಸಂಜೆಯಾದರೆ ಸಾಕು, ಓಣಿಯೆಲ್ಲ ಕೇಳುವಂತೆ ಅಳತೊಡಗಿತು. ಹೆದರಿದ ದೇವಕಮ್ಮ ಬಾಟಲಿ, ಹಾಲಿನ ಪುಡಿ ಎಲ್ಲ ತರಿಸಿದಳು. ಡಬ್ಬಿ ಒಡೆಯುವ ಮುಂಚೆ ಯಾಕೋ ಕೈ ತಡೆದು ತಿಮ್ಮವ್ವನಿಗೆ ಹೇಳಿಕಳಿಸಿದಳು.

"ಬಟ್ಟಿ ಎಷ್ಟು ತೊಯ್ದಾವರಿ ಇವತ್ತು?"

"ಎಂಟು."

"ಕುಡಿಯೂ ಮುಂದ ಗುಟುಕು ಕೇಳ್ತದೇನ್ರಿ?"

"ಹಿತ್ತಲದಾಗ ನಿಂತ್ರೂ ಕೇಳ್ತದ."

"ಮೈ ತುಂಬಾಕತ್ತದ. ಹಂಗಾರ ಹೊಟ್ಟಿ ತುಂಬೇದರಿ ಅಕ್ಕಾರ. ಇದು ಹಸಿವಿನ ಅಳು ಅಲ್ಲ. ಸಂಜೀ ಮುಂದ ಕೂಸುಗೋಳು ಹಿಂಗ ಮಾಡ್ತಾವ. ಎತ್ತಿಕೊಂಡು ಅಡ್ಡಾಡ್ರಿ. ಜ್ವರ ಬಂದ್ರ, ಇಲ್ಲಾ ಬಟ್ಟಿ ಕಡಿಮಿ ಆದ್ರ ಆಗ ದವಾಖಾನಿಗಿ ಓಡೂಣು."

ದೇವಕಮ್ಮ ಡಬ್ಬಿಯನ್ನು ಗೋಡೆಯ ಮೇಲಿನ ಗೂಡಿನಲ್ಲಿಟ್ಟಳು. ಆಮೇಲೆ ಅಳುವ ಕೂಸನ್ನು ತಂದು ತಿಮ್ಮವ್ವನ ಎರಡೂ ಕೈಗಳಲ್ಲಿ ಇಟ್ಟಳು. "ನೀನ ಅಡ್ಡಾಡಿಸು ತಂಗಿ. ನನ್ನ ರಟ್ಟಿ ಬಿದ್ದಾವ."

ತಿಮ್ಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯುದ್ದಕ್ಕೂ ನಡೆದಳು. ಬಟ್ಟೆ ಒಗೆಯುವ ಸೋಡಾದಿಂದ ಒರಟಾದ ಅವಳ ಅಂಗೈ ಕೂಸಿನ ಬೆನ್ನ ಮೇಲೆ ಮೆತ್ತಗೆ ಆಡುತ್ತಿತ್ತು. ನಾಲ್ಕನೆಯ ಸುತ್ತಿಗೆ ಅಳು ಬಿಕ್ಕಳಿಕೆಯಾಯಿತು. ಆರನೆಯ ಸುತ್ತಿಗೆ ಅವಳ ಕುಪ್ಪಸದ ಮೇಲೆ ಬೆಚ್ಚಗೆ ಏನೋ ಇಳಿಯಿತು.

"ಅಕ್ಕಾರ, ಬಟ್ಟಿ ಒಂಬತ್ತಾತ್ರಿ," ಎಂದು ತಿಮ್ಮವ್ವ ನಕ್ಕಳು.