ಮೂರು ದಿನ ನಡೆದ ಸಿನಿಮಾ

ಕಾಲವು ಎಲ್ಲವನ್ನೂ ಅಳಿಸಬಲ್ಲದು, ನೆನಪನ್ನು ಮಾತ್ರ ಅಳಿಸಲಾರದು ಎಂದು ದೊಡ್ಡವರು ಹೇಳುತ್ತಾರೆ. ಆ ದೊಡ್ಡವರಲ್ಲಿ ಒಬ್ಬರಾದರೂ ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ಬಿಚ್ಚಿ, ಹತ್ತಿಯಿಂದ ಒರೆಸಿ ನೋಡಿದ್ದಾರೆಂದು ನನಗೆ ಅನ್ನಿಸುವುದಿಲ್ಲ.

ನಾನು ಒರೆಸಿದ್ದೇನೆ. ಅದೇ ನನ್ನ ಕಸುಬು. ದಾವಣಗೆರೆ ಕಡೆಯವನಾದ ನಾನು ಸಿನಿಮಾ ಥಿಯೇಟರಿನ ಪ್ರೊಜೆಕ್ಟರ್ ಆಪರೇಟರ್ ಆಗಿ ಕೊಯಮತ್ತೂರಿಗೆ ಬಂದೆ. ಥಿಯೇಟರುಗಳು ಡಿಜಿಟಲ್ ಆಗಿ, ರೀಲು ಸುತ್ತುವವನು ಯಾರಿಗೂ ಬೇಡವಾದ ಮೇಲೆ, ಉಕ್ಕಡಂ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದೆ. ಹಳೆಯ ಕ್ಯಾಸೆಟ್ಟು, ಫಿಲಮ್ಮುಗಳಲ್ಲಿ ಉಳಿದಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಕೆಲಸ. ಇದಕ್ಕೆ ಡಿಜಿಟೈಸೇಷನ್ ಎಂಬ ಗಂಭೀರ ಹೆಸರಿದೆ. ಬರುವುದೆಲ್ಲ ಬಹುಪಾಲು ಮದುವೆಯ ಕ್ಯಾಸೆಟ್ಟುಗಳು. ಅವುಗಳಲ್ಲಿ ವಧೂವರರಿಗಿಂತ ಊಟದ ಪಂಕ್ತಿಯೇ ಹೆಚ್ಚು ಹೊತ್ತು ಕಾಣುತ್ತದೆ. ಪಕ್ಕದ ಮೀನು ಮಾರುಕಟ್ಟೆಯ ಗಾಳಿ ಇತ್ತ ತಿರುಗಿದರೆ ಸಸ್ಯಾಹಾರಿಗಳ ಮದುವೆಗೂ ಮೀನಿನ ವಾಸನೆ ಹತ್ತುತ್ತದೆ.

ವಾಸ ಅಂಗಡಿಯ ಮೇಲೆಯೇ, ಒಬ್ಬನೇ. ಹಗಲೆಲ್ಲ ತಮಿಳು. ಕನ್ನಡ ಕೇಳಬೇಕೆನ್ನಿಸಿದಾಗ ಫೋನ್ ಕಂಪನಿಯ ಸಹಾಯವಾಣಿಗೆ ಕರೆ ಮಾಡುತ್ತಿದ್ದೆ. ‘ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ’ ಎನ್ನುವ ಹೆಂಗಸಿನ ದನಿಯಲ್ಲಿ ಅಪಾರ ಆತ್ಮೀಯತೆ ಇತ್ತು. ಒತ್ತಿದರೆ ಮಾತ್ರ ಲೈನು ಕಡಿದುಹೋಗುತ್ತಿತ್ತು. ಇದಲ್ಲದೆ, ಕೆಲಸ ಕಳೆದುಕೊಂಡ, ಕರ್ನಾಟಕ, ತಮಿಳುನಾಡು ಎರಡೂ ಕಡೆಯ ಹಳೆಯ ಆಪರೇಟರುಗಳ ವಾಟ್ಸಾಪ್ ಗುಂಪೊಂದಿತ್ತು. ಯಾರೂ ನೆನಪಿಡದ ಸಿನಿಮಾಗಳ ಬಗ್ಗೆ ಭಾನುವಾರಗಳಂದು ಅಲ್ಲಿ ಚರ್ಚೆ ನಡೆಯುತ್ತಿತ್ತು. ಸಿನಿಮಾ ಎಷ್ಟು ಹೀನಾಯವಾಗಿ ಓಡಿದ್ದರೆ ನಮಗೆ ಅದರ ಮೇಲೆ ಅಷ್ಟು ಪ್ರೀತಿ.

ನಾನು ಹೇಳಹೊರಟ ಸಂಗತಿ ನಾಲ್ಕು ವರ್ಷದ ಹಿಂದಿನದು. ಆಡಿ ಮಾಸ, ಅಂದರೆ ನಮ್ಮ ಆಷಾಢ. ಆಡಿಯಲ್ಲಿ ಇಲ್ಲಿ ಮದುವೆಗಳಿಲ್ಲ. ಹಳೆಯ ಮದುವೆಗಳೂ ಜನರಿಗೆ ನೆನಪಾಗುವುದಿಲ್ಲವೆಂದು ಕಾಣುತ್ತದೆ. ಖಾಲಿ ಅಂಗಡಿಗೆ ಎಂಬತ್ತರ ಆಸುಪಾಸಿನ ಮುದುಕರೊಬ್ಬರು ಮಗಳ ಜೊತೆ ಬಂದರು. ಕೈಯಲ್ಲಿ ಕ್ಯಾಸೆಟ್ ಇರಲಿಲ್ಲ. ಮೆಟ್ಟಿಲ ಬಳಿ ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು. ನನಗೆ ಎದ್ದು ನಿಲ್ಲಬೇಕೆನ್ನಿಸಿತು, ನಿಂತೆ.

ಅವರು ಪೊಳ್ಳಾಚಿ ಬಳಿಯ ನೆಗಮಂನವರು, ಗುಂಡಿಯಲ್ಲಿ ಕೂತು ನೇಯುವ ಕೈಮಗ್ಗದ ನೇಕಾರ ರಂಗಸಾಮಿ; ತಲೆಮಾರುಗಳ ಹಿಂದೆ ಈ ಕಡೆ ಬಂದ ಕನ್ನಡ ಮನೆತನ. ಮಗಳು ಜಯಂತಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಟೈಲರ್. ನಾನು ಕನ್ನಡದವನೆಂದು ತಿಳಿದ ಕೂಡಲೇ ಮುದುಕರು ಮಗಳನ್ನು ಬದಿಗೆ ಸರಿಸಿ ಕುರ್ಚಿ ಎಳೆದುಕೊಂಡರು.

“ಒಂದು ಪಡ ಬೇಕು ತಂಬಿ. ಕನ್ನಡ ಸಿನಿಮಾ ಪಡ. ನಾನೂ ನಮ್ಮ ಸೌಡಮ್ಮನೂ ಜೋಡಿಯಾಗಿ ನೋಡಿದ್ದು. ನಾವು ಜೋಡೀಲಿ ನೋಡಿದ್ದು ಅದೊಂದೇ.”

“ನೀನು ಮಗ್ಗದ ಗುಂಡಿಯಿಂದ ಎದ್ದು ಪಡಕ್ಕೆ ಹೋದ್ಯಾ?” ಎಂದಳು ಜಯಂತಿ. “ಅಣ್ಣಾ, ನನ್ನ ಮದುವೆಗೇ ಇವರನ್ನ ಮಗ್ಗದಿಂದ ಎಬ್ಬಿಸ್ಕೊಂಡು ಬರಬೇಕಾಯ್ತು.”

“ಇವಳಿಗೇನು ಗೊತ್ತು? ಅವಾಗ ಇವಳು ಹುಟ್ಟೇ ಇಲ್ಲ.”

ಅವರ ಹೆಂಡತಿ ಸೌಡಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮುದುಕರು ದನಿ ತಗ್ಗಿಸಿ ಹೇಳಿದರು: “ಮೊಕ ನೆಪ್ಪೈತೆ. ಫೋಟೋ ಐತಲ್ಲ. ಮಾತು ಮರ್ತ್ಹೋಯ್ತಾ ಐತೆ ತಂಬಿ. ಆ ಪಡ ನೋಡಿದ್ರೆ, ಅವ್ಳು ಪಕ್ಕದಲ್ಲಿ ಕೂತು ಏನಂದ್ಳು, ಹೆಂಗಂದ್ಳು, ಎಲ್ಲಾ ಬಂದ್ಬುಡ್ತದೆ.”

ಹೆಸರು ಗೊತ್ತಿರಲಿಲ್ಲ. ಕಥೆ ಗೊತ್ತಿತ್ತು. ರೈಲ್ವೆ ಗೇಟು ಕಾಯುವವನೊಬ್ಬ ಮಾಡದ ತಪ್ಪಿಗೆ ಜೈಲಿಗೆ ಹೋಗುತ್ತಾನೆ. ಅವನ ಹೆಂಡತಿ ಸಂಜೆಯಾದರೆ ಗೇಟಿಗೆ ಲಾಟೀನು ಕಟ್ಟಿ ಕಾಯುತ್ತಾಳೆ. ವರ್ಷಗಳ ಮೇಲೆ ಅವನು ಬಂದು, ಎಣ್ಣೆ ದಂಡ ಮಾಡಿದೆಯೆಂದು ಅವಳನ್ನು ಬೈಯುತ್ತಾನೆ. ಆಮೇಲೆ ಅವರ ಮಗಳ ಮದುವೆ, ಬಾಣಂತನ, ನಾದಿನಿಯ ಕಾಟ, ಎಮ್ಮೆಯೊಂದರ ಕಳವು. ಇಷ್ಟೆಲ್ಲ ಒಂದೇ ಸಿನಿಮಾದಲ್ಲಿ ಹಿಡಿದದ್ದು ಹೇಗೆಂದು ವೃತ್ತಿಯ ಮನುಷ್ಯನಾಗಿ ನನಗೆ ಆಶ್ಚರ್ಯವಾಯಿತು.

ಹೆಸರಿಲ್ಲದ ಸಿನಿಮಾ ಹುಡುಕುವಾಗ ನಾವು ಕೇಳುವ ಕೆಲವು ಪ್ರಶ್ನೆಗಳಿವೆ.

“ಬಣ್ಣದ್ದಾ, ಕಪ್ಪು ಬಿಳುಪಾ ಅಯ್ಯಾ?”

“ಲಾಟೀನು ಕೆಂಪು” ಎಂದರು.

“ಇಂಟರ್ವಲ್ ಎಲ್ಲಿ ಬಂತು?”

“ಅವನನ್ನ ಪೊಲೀಸು ಹಿಡ್ಕೊಂಡು ಹೋಗ್ತಾರಲ್ಲ, ಅಲ್ಲಿ. ಎದ್ದು ಕೈ ತೊಳ್ದು ಮುದ್ದೆ ತಿಂದ್ವಿ.”

“ಎಷ್ಟು ದಿನ ಓಡಿತು?”

“ಮೂರು ದಿವಸ. ಸೋಮವಾರ ಸುರುವಾಗಿ ಬುಧವಾರ ಮುಗೀತು.”

ಮೂರೇ ದಿನ ಓಡಿದ ಸಿನಿಮಾ ಎಂದರೆ ನಮ್ಮ ಗುಂಪಿಗೆ ಪರಮಪ್ರಿಯ ವಸ್ತು. ಅಂದೇ ಕಥೆಯನ್ನು ಕನ್ನಡದಲ್ಲಿ ಬರೆದು ಹಾಕಿದೆ. ಕರ್ನಾಟಕದ ಆಪರೇಟರುಗಳು ವಾರವಿಡೀ ತಲೆ ಕೆರೆದುಕೊಂಡರು. ಒಬ್ಬರು ಎಮ್ಮೆ ಕಳವಾಗುವ ಐದು ಸಿನಿಮಾಗಳನ್ನು ಹೆಸರಿಸಿದರು. ಯಾವುದರಲ್ಲೂ ಗೇಟು ಇರಲಿಲ್ಲ. ಇನ್ನೊಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದರು.

ನನಗೆ ಆ ಮುದ್ದೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಯಾವ ಥಿಯೇಟರಿನ ಇಂಟರ್ವಲ್ಲಿನಲ್ಲಿ ಮುದ್ದೆ ಕೊಡುತ್ತಾರೆ? ಜಯಂತಿಗೆ ಫೋನ್ ಮಾಡಿ ಅಮ್ಮ ಸಿನಿಮಾ ನೋಡುತ್ತಿದ್ದರೇ ಎಂದು ಕೇಳಿದೆ.

“ಅಮ್ಮನಿಗೆ ಪಡದ ಹುಚ್ಚು ಅಣ್ಣಾ. ಬೀದಿ ಹೆಂಗಸರ ಜೊತೆ ಪೊಳ್ಳಾಚಿಗೆ ಮಧ್ಯಾಹ್ನದ ಆಟಕ್ಕೆ ಹೋಗೋಳು. ಮಾರನೇ ದಿವಸ ರಾಟೆ ಸುತ್ತುತ್ತಾ ಅಪ್ಪನಿಗೆ ಪೂರಾ ಹೇಳೋಳು. ನಮ್ಮ ಬೀದೀಲಿ ಎಲ್ಲಾ ಮನೇಲೂ ಹಂಗೇ. ಆದ್ರೆ ಒಂದು ಕಟ್ಟಳೆ. ಸೀರೆ ಮಗ್ಗದಿಂದ ಇಳಿಯೋ ತನಕ, ಅಂದ್ರೆ ಮೂರು ದಿವಸ, ಪಡ ಮುಗೀಬಾರದು. ಮುಗಿದ್ರೆ ನೇಯೋರು ತೂಕಡಿಸ್ತಾರೆ.”

“ಸಿನಿಮಾ ಮೊದಲೇ ಮುಗಿದರೆ?”

“ಕೈಯಿಂದ ಹಾಕಿ ಬೆಳೆಸೋದು. ಅದರಲ್ಲಿ ಅಮ್ಮನ್ನ ಮೀರಿಸೋರಿಲ್ಲ.”

“ಯಾವ ಭಾಷೆಯಲ್ಲಿ ಹೇಳುತ್ತಿದ್ದರು?”

“ಮನೆ ಮಾತಲ್ಲೇ ಅಣ್ಣಾ. ಕನ್ನಡದಲ್ಲಿ.”

ಅಂದರೆ ಪೊಳ್ಳಾಚಿಯ ಥಿಯೇಟರಿನಲ್ಲಿ ಓಡಿದ್ದು ತಮಿಳು ಸಿನಿಮಾ; ಕನ್ನಡ ಸೌಡಮ್ಮನದು. ಎಮ್ಮೆಯನ್ನು ಕಳೆದು, ಬಾಣಂತನವನ್ನು ತೆಗೆದು, ಉಳಿದ ಕಥೆಯನ್ನು ಅದೇ ಗುಂಪಿಗೆ ತಮಿಳಿನಲ್ಲಿ ಹಾಕಿದೆ. ಕೊಯಮತ್ತೂರು ಬಳಿಯ ಅನ್ನೂರಿನ ಆಪರೇಟರೊಬ್ಬರು ಅರ್ಧ ಗಂಟೆಯಲ್ಲಿ ಹೆಸರು ಹೇಳಿದರು. ಅವರ ಬಳಿಯೇ ಕ್ಯಾಸೆಟ್ಟಿತ್ತು. ಒರೆಸಿ, ಇಳಿಸಿ, ಒಬ್ಬನೇ ನೋಡಿದೆ. ಅದರಲ್ಲಿ ಗಂಡ ಬರುವುದೇ ಇಲ್ಲ. ಹೆಂಡತಿ ಕಾಯುತ್ತಲೇ ಇರುವಾಗ ರೈಲೊಂದು ಹೋಗುತ್ತದೆ, ಗಾಳಿಗೆ ಲಾಟೀನು ಆರುತ್ತದೆ, ಶುಭಂ ಎಂದು ಬರುತ್ತದೆ. ಶುಭವೇನೆಂದು ನಿರ್ಮಾಪಕರೇ ಹೇಳಬೇಕು.

ಸಿನಿಮಾ ಸಿಕ್ಕಿದ ಮೇಲೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಇದನ್ನು ತೋರಿಸಿದರೆ, ಹೆಂಡತಿಯ ಜೊತೆ ಜೋಡಿಯಾಗಿ ಕೂತು ನೋಡಿದ ಆ ಒಂದೇ ಸಿನಿಮಾ ಮುದುಕರ ಕೈಯಿಂದ ಹೋಗುತ್ತದೆ. ಸಿಗಲಿಲ್ಲ ಎಂದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಅಷ್ಟರಲ್ಲಿ ಅವರೇ ಬಂದು ಕುರ್ಚಿ ಎಳೆದುಕೊಂಡರು. ಒಗೆದ ಪಂಚೆ, ಹಣೆಯಲ್ಲಿ ವಿಭೂತಿ. ಸಿನಿಮಾಕ್ಕೆ ಹೊರಟವರ ಹಾಗಿದ್ದರು. ನಾನು ಸಿನಿಮಾ ಹಾಕಿದೆ.

ಹತ್ತು ನಿಮಿಷ ನೋಡಿದರು.

“ಇದಲ್ಲ ತಂಬಿ. ಇವರೆಲ್ಲಾ ತಮಿಳು ಮಾತಾಡ್ತಾವ್ರೆ.”

ಅಷ್ಟರಲ್ಲಿ ಗೇಟು ಬಂತು, ಲಾಟೀನು ಬಂತು. ಅದು ಕಪ್ಪು ಬಿಳುಪಿನ ಲಾಟೀನು. ಅವರು ಮುಂದಕ್ಕೆ ಬಾಗಿದರು. ಆ ಹೆಂಗಸಿನ ಮುಖವನ್ನು, ಗೇಟನ್ನು, ಗುಡಿಸಲನ್ನು ಮೊದಲ ಸಲ ನೋಡುವವರಂತೆ ನೋಡಿದರು. ಮೊದಲ ಸಲವೇ ನೋಡುತ್ತಿದ್ದರು.

“ನಾನು ಹೋಗೇ ಇಲ್ಲ” ಎಂದರು. “ಅವ್ಳೇ ಹೋಗಿ ಬಂದು ಹೇಳಿದ್ದು. ನಾನು ಗುಂಡೀಲಿ ಕೂತಿದ್ದೆ.”

ಸಿನಿಮಾ ನಿಲ್ಲಿಸಲು ಕೈ ಚಾಚಿದೆ.

“ನಿಲ್ಲಿಸ್ಬೇಡಿ. ಮಾತು ಮಾತ್ರ ತೆಗೀರಿ.”

ದನಿ ಬಂದ್ ಮಾಡಿದೆ. ಪರದೆಯ ಮೇಲೆ ಬಾಯಿಗಳು ಸುಮ್ಮನೆ ಆಡತೊಡಗಿದವು. ಅವರು ಶುರುಮಾಡಿದರು. “ಇವ್ಳು ಏನಂತಾಳೆ ಅಂದ್ರೆ, ಅಯ್ಯೋ ಪಾಪಿ, ನಿನಗೆ ಕಣ್ಣಿಲ್ವಾ, ನನ್ನ ಗಂಡ ಗೇಟು ಬಿಟ್ಟು ಕದಲಿಲ್ಲ ಅಂತಾಳೆ. ಅದಕ್ಕೆ ಆ ಮೀಸೆಯವ್ನು…” ಮೊದಮೊದಲು ತಡವರಿಸಿದರು. ಪೊಲೀಸು ಬರುವ ಹೊತ್ತಿಗೆ ಮಾತಿನ ಧಾಟಿಯೇ ಬೇರೆಯಾಗಿತ್ತು. ಸೊಲ್ಲು ಎಳೆಯುವ ಬಗೆ, ನಡುನಡುವೆ ‘ಕೇಳ್ತಾ ಇದ್ದೀರಾ?’ ಎಂಬ ಗದರಿಕೆ, ಇವು ಅವರವಲ್ಲ. “ಬಂತು ತಂಬಿ” ಎಂದರು ನಡುವೆ ಒಮ್ಮೆ, ನನ್ನ ಕಡೆ ತಿರುಗದೆ. ಅವರ ಬಲಗಾಲು ನೆಲದ ಮೇಲೆ ಇಲ್ಲದ ಮಗ್ಗದ ಮೆಟ್ಟನ್ನು ತುಳಿಯುತ್ತಿತ್ತು.

ರೈಲು ಹೋಯಿತು, ಲಾಟೀನು ಆರಿತು, ಶುಭಂ ಬಂತು, ಪರದೆ ಕಪ್ಪಾಯಿತು. ಅವರು ನಿಲ್ಲಿಸಲಿಲ್ಲ. ಗಂಡ ಬಂದ. ಎಣ್ಣೆ ದಂಡ ಮಾಡಿದೆಯಲ್ಲೇ ಎಂದು ಬೈದ. ಮಗಳಿಗೆ ಗಂಡು ಹುಡುಕಲು ಹೊರಟ.

ಮೂವತ್ತು ವರ್ಷ ನಾನು ಆಪರೇಟರ್ ಕೋಣೆಯ ಕಿಂಡಿಯಿಂದ ಸಿನಿಮಾ ನೋಡಿದವನು. ಜನ ನಕ್ಕದ್ದು ಗಾಜಿನ ಆಚೆ, ಅತ್ತದ್ದೂ ಆಚೆ. ಪಕ್ಕದಲ್ಲಿ ಒಬ್ಬರು ಕೂತು, ಅದೂ ಕನ್ನಡದಲ್ಲಿ, ನನಗೆ ಸಿನಿಮಾ ಹೇಳಿದ್ದು ಅದೇ ಮೊದಲು. ಹಳೆಯ ಸಿನಿಮಾ ಉಳಿಯುವುದು ಫಿಲಮ್ಮಿನಲ್ಲಿ ಎಂದುಕೊಂಡು ಬದುಕಿದ್ದೆ. ಕೇಳುವವನೊಬ್ಬ ಇರುವಷ್ಟು ಹೊತ್ತು ಮಾತ್ರ ಅದು ಉಳಿಯುತ್ತದೆಂದು ವೃತ್ತಿ ಮುಗಿಯುವ ಕಾಲಕ್ಕೆ ತಿಳಿಯಿತು. ತಿಳಿದದ್ದರಿಂದ ವ್ಯಾಪಾರ ಹೆಚ್ಚಲಿಲ್ಲ.

ಪೊಳ್ಳಾಚಿ ಬಸ್ಸಿಗೆ ಹೊತ್ತಾದಾಗ ಮುದುಕರು ಎದ್ದರು. ಎಮ್ಮೆ ಇನ್ನೂ ಕಳವಾಗಿರಲಿಲ್ಲ.

“ಸೀರೆ ಇಳಿದಿಲ್ಲ ತಂಬಿ. ನಾಳೆ ಬತ್ತೀನಿ.”

ಮರುದಿನ ಬಂದರು. ಅದರ ಮರುದಿನವೂ ಬಂದರು. ಸಿನಿಮಾ ಮೂರು ದಿನ ನಡೆಯಿತು.