ಎಂಟು ಗಂಟೆಯ ಗ್ರೀಕ್ ಪಾಠ

ನಾನು ಹಳೆಯ ಗ್ರೀಕ್ ಕಲಿತದ್ದು ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಸಂಜೆ ಐದರ ಗಂಟೆಗೆ ಅಲ್ಲಿದ್ದ ಪಾದ್ರಿಯೊಬ್ಬರು ಆಸಕ್ತಿಯಿದ್ದ ನಾಲ್ವರಿಗೆ ಪಾಠ ಹೇಳುತ್ತಿದ್ದರು. ಮುಂದೆ ಕುಮಟೆಯಲ್ಲಿ ಗಣಿತದ ಮಾಸ್ತರನಾದೆ. ಗ್ರೀಕ್ ಯಾರಿಗೂ ಬೇಕಾಗಲಿಲ್ಲ. ನಿವೃತ್ತನಾಗಿ ಎಷ್ಟೋ ವರ್ಷದ ಮೇಲೆ ಹಳದೀಪುರದ ಹೆಣ್ಣುಮಗಳೊಬ್ಬಳು ಅದನ್ನು ಕೇಳಿಕೊಂಡು ಬಂದಳು.

ಅವಳು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಗ್ರೀಕ್ ಕಥೆಗಳನ್ನು ನೇರವಾಗಿ ಕನ್ನಡಕ್ಕೆ ತರುವುದಕ್ಕೆಂದು ಕೊಡುವ ಎರಡು ವರ್ಷದ ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ. ಭಾಷೆಯನ್ನು ಮುಕ್ಕಾಲು ಪಾಲು ಮೊಬೈಲಿನಲ್ಲೇ ಕಲಿತಿದ್ದಳು. ಕೃದಂತಗಳಲ್ಲಿ ಸಿಕ್ಕಿಬಿದ್ದಿದ್ದಳು. ಸಂದರ್ಶನಕ್ಕೆ ಆರು ವಾರ ಉಳಿದಿತ್ತು.

“ಬೆಳಿಗ್ಗೆ ಎಂಟಕ್ಕೆ ಪಾಠ. ಎಂಟೂ ಐದಕ್ಕೆ ಗೇಟಿಗೆ ಬೀಗ,” ಎಂದೆ.

“ಆತು ಸರ್.”

ಮೊದಲ ದಿನವೇ ಹಲಗೆಯ ಮೇಲೆ ಕೃದಂತದ ಮೂರು ರೂಪ ಬರೆದೆ. ಗ್ರಾಫೋನ್ ಎಂದರೆ ಬರೆಯುತ್ತ. ಕೆಲಸ ಇನ್ನೂ ನಡೆದಿದೆ. ಗ್ರಾಪ್ಸಾಸ್ ಎಂದರೆ ಬರೆದು; ಅದು ಮುಗಿದ ಮೇಲೆಯೇ ಮುಂದಿನ ಕೆಲಸ. ಗೆಗ್ರಾಫೋಸ್ ಎಂದರೆ ಬರೆದಿಟ್ಟು. ಬರೆದದ್ದು ಈಗಲೂ ಇದೆ. ಚುರುಕಾಗಿ ಹಿಡಿದಳು. ಕನ್ನಡದವರಿಗೆ ಇದು ಹೊಸತೇನಲ್ಲ.

ಎರಡನೆಯ ವಾರ ಅವಳು ತಡಮಾಡಿದಳು. ಬೀಗ ಹಾಕಿದೆ. ಮರುದಿನವೂ ತಡ, ಮರುದಿನವೂ ಬೀಗ. ಮೂರನೆಯ ದಿನ ಎಂಟೂ ಹತ್ತಕ್ಕೆ ಗೇಟಿನ ಹೊರಗೆ ಅವಳ ಜೊತೆ ಅವಳ ತಾಯಿ ನಿಂತಿದ್ದಳು, ಸೊಂಟದಲ್ಲಿ ಖಾಲಿ ಮೀನುಬುಟ್ಟಿ.

“ಎಂತ ಮಾಸ್ತರೆ, ಬೋಟು ನಿಮ್ಮ ಗಡಿಯಾರ ನೋಡ್ಕಂಡು ಬತ್ತದ್ಯಾ?”

“ನನ್ನ ಹತ್ತಿರ ಎಲ್ಲರಿಗೂ ಒಂದೇ ನಿಯಮ,” ಎಂದೆ.

“ನಾಲ್ಕೂವರೆಗೆ ಎದ್ದು ಹೊನ್ನಾವರದ ಧಕ್ಕೆಗೆ ನನ್ನ ಸಂಗಡ ಬತ್ತದೆ ಇದು. ಮೀನು ಇಳಿಸಿ, ಆರಿಸಿ, ಮಾರ್ಕೆಟ್ಟಲ್ಲಿ ನನ್ನ ಕೂರ್ಸಿ, ಆಮೇಲೆ ನಿಮ್ಮ ಬಸ್ಸು. ನನ್ನ ಕೈ ನೋವಿಗೆ ಬೇರೆ ಯಾರಿದ್ದಾರೆ?”

“ಅವ್ವಿ, ಸಾಕೆ,” ಎಂದಳು ಮಗಳು.

“ಸುಮ್ನಿರೆ. ಮಾಸ್ತರೆ, ಇದ್ನ ಹೊರಗೆ ನಿಲ್ಸಿ ತಪ್ಪು ಮಾಡಿದ್ರಿ ನೀವು.”

ಬೋಟುಗಳು ಬಂದು ನಿಲ್ಲುವ ಆ ಧಕ್ಕೆಯ ಕೆಲಸದ ವಿಷಯ ಮಗಳು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಬೀಗ ತೆಗೆದೆ, ಇಬ್ಬರಿಗೂ ಚಹಾ ಮಾಡಿದೆ.

‘ನಿಲ್ಸಿ ತಪ್ಪು ಮಾಡಿದ್ರಿ’ ಎಂಬ ಆ ತಾಯಿಯ ಮಾತು ನನ್ನ ಹಲಗೆಯ ಪಾಠವನ್ನೂ ಬಿಡಲಿಲ್ಲ. ನಿಲ್ಲಿಸುವುದು ಮುಗಿದ ಮೇಲೆ ನಾನು ಬೇರೊಂದು ತಪ್ಪು ಮಾಡಿದ್ದೆನೇ? ನಿಲ್ಲಿಸಿದ್ದೇ ತಪ್ಪು. ಗ್ರೀಕರೂ ಹಾಗೆ ಹೇಳುತ್ತಾರೆ. ಗ್ರಾಪ್ಸಾಸ್ ಜಾತಿಯ ರೂಪ ಕೆಲಸವನ್ನು ಇಡಿಯಾಗಿ ತೋರಿಸುತ್ತದೆ. ಬಹಳ ಸಲ ಅದು ಮೊದಲು ನಡೆದ ಕೆಲಸ, ಕೆಲವು ಸಲ ವಾಕ್ಯದ ಮುಖ್ಯ ಕ್ರಿಯೆಯೂ ಅದೂ ಒಂದೇ. ಪಾದ್ರಿಗಳು ಇದನ್ನೂ ಹೇಳಿಕೊಟ್ಟಿದ್ದರು. ನೆನಪಿಡಲು ಸುಲಭವಾಗಲಿ ಎಂದು ನಾನೇ ನಿಯಮವನ್ನು ಕತ್ತರಿಸಿದ್ದೆ. “ನೋಟಿನಲ್ಲಿ ತಿದ್ದಿಕೋ,” ಎಂದು ಮಗಳಿಗೆ ಹೇಳಿದೆ.

ಮರುದಿನದಿಂದ ಮೊದಲ ಬಸ್ಸಿಗೆ ನಾನೇ ಹೊನ್ನಾವರದ ಧಕ್ಕೆಗೆ ಹೋಗತೊಡಗಿದೆ. ಮಗಳು ಬಂಗಡೆ, ತಾರ್ಲೆ ಮೀನು ಬೇರೆಬೇರೆ ಮಾಡುತ್ತ ಗ್ರೀಕ್ ವಾಕ್ಯ ಬಿಡಿಸುತ್ತಿದ್ದಳು. ನಾನು ಮಗುಚಿಟ್ಟ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತು ಪುಸ್ತಕ ಹಿಡಿಯುತ್ತಿದ್ದೆ.

“ಮಾಸ್ತರೆ, ಬಾಯಿ ಆಡಿಸ್ತಾ ಕೈಯೂ ಆಡ್ಸಿ,” ಎಂದು ತಾಯಿ ಒಂದು ಬುಟ್ಟಿ ನನ್ನ ಕಡೆ ನೂಕಿದಳು. ಸುತ್ತಲಿನ ಹೆಂಗಸರು ನಕ್ಕರು. ನಾನು ಆರಿಸಿದ್ದನ್ನು ತಾಯಿ ಮತ್ತೆ ಆರಿಸಬೇಕಾಗುತ್ತಿತ್ತು.

ಸಂದರ್ಶನ ಆನ್‌ಲೈನ್‌. ನೆಟ್‌ವರ್ಕ್ ಚೆನ್ನಾಗಿದೆಯೆಂದು ನಮ್ಮ ಮನೆಯಲ್ಲೇ ಕೂತಳು. ತಾಯಿ, ನಾನು ಜಗಲಿಯಲ್ಲಿ. ಮುಕ್ಕಾಲು ಗಂಟೆಯ ಮೇಲೆ ಹೊರಬಂದು, “ಒಂದು ಕಡೆ ತಪ್ಪು ಮಾಡಿದೆ ಸರ್. ಅವರು ಹೇಳುವ ಮೊದಲೇ ತಿದ್ದಿಕೊಂಡೆ,” ಎಂದಳು.

ಎರಡು ವಾರಕ್ಕೆ ಆಯ್ಕೆಯ ಪತ್ರ ಬಂತು. ಎರಡು ವರ್ಷ ಮೈಸೂರಿನಲ್ಲಿ ಇರಬೇಕು. ಧಕ್ಕೆಯಲ್ಲೇ ಓದಿ ಹೇಳಿದಳು. ತಾಯಿ ಕೈ ತೊಳೆದುಕೊಂಡು ಮಗಳ ಕೆನ್ನೆ ಮುಟ್ಟಿದಳು.

“ಆತು, ಹೋಗು,” ಎಂದಳು. ನೋಯುವ ಮೊಣಕೈಯನ್ನು ಸ್ವಲ್ಪ ಹೊತ್ತು ತಿಕ್ಕಿಕೊಂಡಳು. ಆಮೇಲೆ ಪಕ್ಕದಲ್ಲಿ ಮೀನು ಆರಿಸುತ್ತಿದ್ದವಳನ್ನು ಕರೆದು, ನಾಳೆಯಿಂದ ನನ್ನ ಬುಟ್ಟಿಗೆ ಒಂದು ಕೈ ಕೊಡ್ತೀಯಾ ಎಂದು ಕೇಳಿದಳು.