ನೀರಿನ ವ್ಯಾಗನ್ನಿನ ಮೂರು ನಲ್ಲಿ

ಹಗರಿಬೊಮ್ಮನಹಳ್ಳಿಯಲ್ಲಿ ರೈಲ್ವೆ ಹುಲುಗಪ್ಪನ ಮನೆ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಿದ್ದರು. ಒಳಗೆ ಕಾಲಿಟ್ಟ ಮೇಲೆ ಮಾತ್ರ ಸ್ವಲ್ಪ ಹುಷಾರಾಗಿರಬೇಕಿತ್ತು. ಕಪಾಟಿನ ಮೇಲೆ, ಕಿಟಕಿಯ ಅಂಚಿನಲ್ಲಿ, ಬುದ್ಧನ ಫೋಟೋದ ಕೆಳಗಿನ ಹಲಗೆಯಲ್ಲಿ, ಎಲ್ಲೆಂದರಲ್ಲಿ ಒಂದೂವರೆ ಗೇಣು ಉದ್ದದ ಟ್ಯಾಂಕ್ ವ್ಯಾಗನ್ನುಗಳು ನಿಂತಿರುತ್ತಿದ್ದವು. ಸೀಮೆಎಣ್ಣೆಯದೊಂದು, ಡಾಂಬರಿನದೊಂದು, ಸಕ್ಕರೆ ಕಾರ್ಖಾನೆಯ ಕಾಕಂಬಿ ಸಾಗಿಸುತ್ತಿದ್ದದ್ದೊಂದು, ಹೀಗೆ ಐದು ವರ್ಷದಲ್ಲಿ ಏಳು. ಏಳು ವ್ಯಾಗನ್ನು ಬಂದು ನಿಂತವು, ಒಂದಾದರೂ ಈ ಮನೆಗೆ ಒಂದು ಸೇರು ಎಣ್ಣೆ ಇಳಿಸಲಿಲ್ಲ ಎಂದು ಹೆಂಡತಿ ಪಕ್ಕೀರಮ್ಮ ಬಂದವರ ಮುಂದೆ ಹೇಳುತ್ತಿದ್ದಳು. ಹುಲುಗಪ್ಪ ಆ ಮಾತು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಇಪ್ಪತ್ತರ ಹರೆಯದಲ್ಲಿ ರೈಲ್ವೆಗೆ ಖಲಾಸಿಯಾಗಿ ಸೇರಿದವನು ಅವನು. ವ್ಯಾಗನ್ನುಗಳ ಕೆಳಗೆ ಮಲಗಿ, ಮೇಲೆ ಹತ್ತಿ, ಒಳಗೆ ಇಳಿದು ಮೂವತ್ತೈದು ವರ್ಷ ಸವೆಸಿದ. ಮೀಟರ್‌ಗೇಜ್ ಹಳಿ ಕಿತ್ತ ಮೇಲೆ ಒಂದೆರಡು ವರ್ಷ ಹೊಸಪೇಟೆಗೆ ಓಡಾಡಿ ನಿವೃತ್ತನಾದ. ಮನೆಯಲ್ಲಿ ಕೂತಾಗ ತಿಳಿಯಿತು, ಕೈಗೆ ಸುಮ್ಮನೆ ಇರುವುದು ಬರುವುದಿಲ್ಲ ಎಂದು. ಕಿರಾಣಿ ಅಂಗಡಿಯಿಂದ ಖಾಲಿ ಎಣ್ಣೆ ಡಬ್ಬಿ ತಂದ. ತಗಡನ್ನು ಕತ್ತರಿಸಿ, ಪಕ್ಕೀರಮ್ಮನ ಒನಕೆಗೆ ಸುತ್ತಿ ದುಂಡಗೆ ಮಾಡಿದ. ಅಲ್ಲಿಂದ ಶುರುವಾಯಿತು.

ಅವನ ಲೆಕ್ಕ ಒಂದು ಅಡಿಗೆ ಅರ್ಧ ಇಂಚು. ರಿವೆಟ್ಟು ಕಾಣಬೇಕಾದ ಕಡೆ ತಗಡನ್ನು ಮೆತ್ತನೆಯ ಕಟ್ಟಿಗೆಯ ಮೇಲಿಟ್ಟು, ಒಳಗಿನಿಂದ ಮೊಂಡು ಮೊಳೆಯಲ್ಲಿ ಒಂದೊಂದಾಗಿ ಕುಟ್ಟುತ್ತಿದ್ದ. ಒಂದು ಸಾಲಿಗೆ ನಲವತ್ತೆರಡು ಎಂದರೆ ನಲವತ್ತೆರಡೇ. ನವಸಾಗರ ಸವರಿ ಬೆಸುಗೆ ಹಾಕಿದ ಮೇಲೆ ಟ್ಯಾಂಕಿಗೆ ನೀರು ತುಂಬಿ ಒಂದು ಹಗಲು ಬಿಡುತ್ತಿದ್ದ. ಒಂದೂವರೆ ಲೀಟರ್ ಹಿಡಿಯುತ್ತಿತ್ತು. ನೋಡಲಿಕ್ಕೆ ಇಡುವ ವಸ್ತು ಸೋರಿದರೇನು ಬಿಟ್ಟರೇನು ಎಂದು ಯಾರಾದರೂ ಅಂದರೆ, ಸೋರುವುದಕ್ಕೆ ಟ್ಯಾಂಕು ಅನ್ನುವುದಿಲ್ಲ ಎಂದು ಅಷ್ಟಕ್ಕೇ ಮಾತು ಮುಗಿಸುತ್ತಿದ್ದ.

ಕೊನೆಯ ಕೆಲಸಕ್ಕೆ ಅವನು ದಣಿವು ಹಚ್ಚುವುದು ಎಂದು ಹೆಸರಿಟ್ಟಿದ್ದ. ಕಪ್ಪು ಬಣ್ಣ ಒಣಗಿದ ಮೇಲೆ ಇಟ್ಟಿಗೆ ಪುಡಿಯನ್ನು ವಾರ್ನಿಷಿನಲ್ಲಿ ಕಲಸಿ ಬೆಸುಗೆಯ ಅಂಚಿಗೆ ತುಕ್ಕು ಬರಿಸುತ್ತಿದ್ದ. ಟ್ಯಾಂಕು ತುಂಬುವ ಮೇಲಿನ ಗುಮ್ಮಟದಿಂದ ಎಣ್ಣೆ ಸೋರಿದ ಗೆರೆ ಎಳೆಯುತ್ತಿದ್ದ. ಗಾಲಿಗಳಿಗೆ ಹಳಿಯ ಪಕ್ಕದ ಕೆಂಪು ಮಣ್ಣಿನ ದೂಳು ಊದುತ್ತಿದ್ದ. ಫಳಫಳ ಹೊಳೆಯುವ ವ್ಯಾಗನ್ನನ್ನು ಅವನು ತನ್ನ ಸರ್ವೀಸಿನಲ್ಲಿ ಕಂಡದ್ದು ಅಪರೂಪ. ಇಲ್ಲದ್ದನ್ನು ಹಚ್ಚಬಾರದು, ಇದ್ದದ್ದನ್ನು ಬಿಡಬಾರದು. ಇದು ಅವನ ಹಟ, ಮತ್ತು ಈ ಹಟವೇ ಎಂಟನೆಯ ವ್ಯಾಗನ್ನಿನಲ್ಲಿ ಅವನ ಕುತ್ತಿಗೆಗೆ ಬಂತು.

ಎಂಟನೆಯದನ್ನು ಕೇಳಿದವಳು ಮಗಳು ಕ್ರಾಂತಿ. ಕೂಡ್ಲಿಗಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಎರಡು ಸಾವಿರದ ಎರಡನೇ ಇಸವಿ ಅದು. ಕೇರಿಯವರೆಲ್ಲ ಸೇರಿ ಒಂದು ಓದುವ ಕೋಣೆ ಕಟ್ಟಿಸಿದ್ದರು, ಏಪ್ರಿಲ್ ಹದಿನಾಲ್ಕಕ್ಕೆ ಅದರ ಬಾಗಿಲು ತೆರೆಯುವುದಿತ್ತು. ಅಲ್ಲಿನ ಗಾಜಿನ ಕಪಾಟಿನಲ್ಲಿ ಅಪ್ಪ ಮಾಡಿದ ನೀರಿನ ವ್ಯಾಗನ್ ಇಡಬೇಕು ಎಂಬುದು ಅವಳ ಆಸೆ. ಪಕ್ಕದಲ್ಲಿಡುವ ಚೀಟಿಯನ್ನೂ ಆಗಲೇ ಬರೆದಿಟ್ಟಿದ್ದಳು: ‘ಬರಗಾಲದಲ್ಲಿ ಹನ್ನೊಂದು ವರ್ಷ ಹುಲುಗಪ್ಪನವರು ತಮ್ಮ ಕೈಯಾರೆ ಊರಿಗೆಲ್ಲ ನೀರು ಕೊಟ್ಟರು. ಮೊದಲು ಊರಿಗೆ, ಕೊನೆಗೆ ತಮ್ಮ ಮನೆಗೆ.’

ಚೀಟಿಯನ್ನು ಅವಳು ಓದಿ ಹೇಳಿದಾಗ ಹುಲುಗಪ್ಪ ಕತ್ತರಿ ಒರೆಸುತ್ತ ಕೂತ. ಅದರಲ್ಲಿ ಅಕ್ಷರ ತಪ್ಪಿರಲಿಲ್ಲ, ವರ್ಷ ತಪ್ಪಿರಲಿಲ್ಲ. ತಪ್ಪಿದ್ದದ್ದು ಕೈ.

ಆ ಹನ್ನೊಂದು ವರ್ಷ ಅವನು ಕೊಟ್ಟೂರಿನ ದಾರಿಯ ಒಂದು ಸಣ್ಣ ಸ್ಟೇಶನ್ನಿನಲ್ಲಿದ್ದ. ಬಾವಿಗಳೆಲ್ಲ ಬತ್ತಿದ್ದವು. ದಿನ ಬಿಟ್ಟು ದಿನ ಗಾಡಿ ತನ್ನ ಬಾಲಕ್ಕೆ ಒಂದು ನೀರಿನ ವ್ಯಾಗನ್ ಕಟ್ಟಿಕೊಂಡು ಬರುತ್ತಿತ್ತು, ಅದನ್ನು ಪಕ್ಕದ ಹಳಿಗೆ ಬಿಟ್ಟು ಹೋಗುತ್ತಿದ್ದರು. ನೀರು ಕೆಳಗೆ ಬರಬೇಕಾದರೆ ಮೊದಲು ಯಾರಾದರೂ ಟ್ಯಾಂಕಿನ ಮೇಲೆ ಹತ್ತಿ ಗುಮ್ಮಟದೊಳಗಿನ ವಾಲ್ವು ತಿರುಗಿಸಬೇಕು. ಅದು ಖಲಾಸಿಯ ಕೆಲಸ. ಕೆಳಗಿನ ಕೊಳವೆಗೆ ಊರವರು ಮೂರು ಹಿತ್ತಾಳೆ ನಲ್ಲಿಯ ಒಂದು ಪೈಪು ಮಾಡಿಸಿದ್ದರು. ಊರ ಕಡೆಯವನೊಬ್ಬ ಅದನ್ನು ತಂದು ಜೋಡಿಸುತ್ತಿದ್ದ. ಅಷ್ಟರೊಳಗೆ ಹುಲುಗಪ್ಪ ಮೇಲೆ ಹತ್ತಿರಬೇಕು. ಊರ ಹೆಂಗಸರು ಕೊಡ ತುಂಬಿಕೊಂಡು ಹೋಗಿ, ಪೈಪನ್ನು ಬಿಚ್ಚಿ ಒಯ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವತನಕ ಇಳಿಯುವ ಹಾಗಿಲ್ಲ. ಹಾಗೆಂದು ಯಾರೂ ಬೋರ್ಡು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಎರಡೆರಡು ತಾಸು ಕಾದ ಕಬ್ಬಿಣದ ಮೇಲೆ, ಒಂದು ಗೋಣಿಚೀಲ ಹಾಸಿಕೊಂಡು, ಹೊಟ್ಟೆಯ ಕೆಳಗೆ ಸಾವಿರಾರು ಲೀಟರ್ ನೀರಿಟ್ಟುಕೊಂಡು ಅವನು ಬಾಯಾರಿ ಕೂತಿರುತ್ತಿದ್ದ.

ದೂರದ ಬೇವಿನ ಮರದ ಕೆಳಗೆ ಪಕ್ಕೀರಮ್ಮ ಮಗುವನ್ನು ಕಟ್ಟಿಕೊಂಡು ಕಾಯುತ್ತಿದ್ದಳು. ಎಲ್ಲ ಮುಗಿದ ಮೇಲೆ ವ್ಯಾಗನ್ನಿನ ಹತ್ತಿರ ಬಂದು ತಲೆ ಎತ್ತಿ, “ಇಳೀರಿ, ಹೋದ್ರು” ಎನ್ನುತ್ತಿದ್ದಳು. ಪ್ರತಿ ಸಲ ಅವೇ ಎರಡು ಮಾತು. ಆಮೇಲೆ ಬರಿಯ ಕೊಳವೆಯ ಬಾಯಿಗೆ ಕೊಡ ಹಿಡಿದು ತಳದ ನೀರು ತುಂಬಿಕೊಳ್ಳುತ್ತಿದ್ದರು.

ಐದಾರು ವರ್ಷದ ಕ್ರಾಂತಿಗೆ ಮರದ ಕೆಳಗಿನಿಂದ ಕಂಡದ್ದು ಬೇರೆ. ಎಲ್ಲರಿಗಿಂತ ಎತ್ತರದಲ್ಲಿ ಅಪ್ಪ, ಕೆಳಗೆ ಸಾಲುಗಟ್ಟಿದ ಊರು. ನಮ್ಮಪ್ಪ ಊರಿಗೆಲ್ಲ ನೀರು ಕೊಡುತ್ತಾನೆ ಎಂದು ಶಾಲೆಯಲ್ಲಿ ಹೇಳಿಬಂದಳು. ಹುಲುಗಪ್ಪ ಹೌದು ಎಂದ. ಮಗುವಿಗೆ ಇನ್ನೇನು ಹೇಳುವುದು? ಒಮ್ಮೆ ಹೌದು ಎಂದದ್ದನ್ನು ಇಪ್ಪತ್ತು ವರ್ಷ ಹೌದು ಎನ್ನುತ್ತಲೇ ಬಂದ. ಕಚೇರಿಯ ಯಾವ ಫೈಲಿನಲ್ಲಿ ಜಾತಿ ಅಡಗಿದ್ದರೂ ವಾಸನೆಯಲ್ಲೇ ಹಿಡಿಯುವ ಹುಡುಗಿ, ಮನೆಯೊಳಗಿನ ಈ ಒಂದು ಕತೆಯನ್ನು ಮಾತ್ರ ಮೂಸಿ ನೋಡಿರಲಿಲ್ಲ. ಅಪ್ಪ ಎಂದರೆ ಅವಳಿಗೆ ವ್ಯಾಗನ್ನಿನ ಮೇಲೆ ಕೂತ ಆ ಮನುಷ್ಯ. ಅವನನ್ನು ಅಲ್ಲಿಂದ ಕೆಳಗೆ ತಳ್ಳುವ ಧೈರ್ಯ ಹುಲುಗಪ್ಪನಿಗಿರಲಿಲ್ಲ.

ಆದರೂ ಕೆಲಸ ಹಿಡಿದ. ಟ್ಯಾಂಕು, ಚಾಸಿ, ಏಣಿ, ಗುಮ್ಮಟ, ಗುಮ್ಮಟದೊಳಗೆ ತಿರುಗುವ ವಾಲ್ವು, ಎಲ್ಲ ಮುಗಿಯಿತು. ನಲ್ಲಿಗಳ ಹತ್ತಿರ ಬಂದು ಕೈ ನಿಂತಿತು. ವ್ಯಾಗನ್ನಿನ ಒಂದೊಂದು ರಿವೆಟ್ಟು ಬಲ್ಲವನಿಗೆ ಆ ನಲ್ಲಿ ಹೇಗಿದ್ದವು ಎಂಬುದು ಗೊತ್ತಿರಲಿಲ್ಲ. ಮೇಲೆ ಕೂತವನಿಗೆ ಟ್ಯಾಂಕಿನ ಹೊಟ್ಟೆ ಅಡ್ಡ ಬಂದು ಕೆಳಗಿನದು ಕಾಣುತ್ತಲೇ ಇರಲಿಲ್ಲ. ಪಕ್ಕೀರಮ್ಮನನ್ನು ಕೇಳಿದ. ಬೇವಿನ ಮರದಿಂದ ಹಿತ್ತಾಳೆ ಹೊಳೆಯುವುದೊಂದು ಕಾಣುತ್ತಿತ್ತು, ಅಷ್ಟೇ ಎಂದಳು. ಊಹೆಯ ಮೇಲೆ ಮೂರು ನಲ್ಲಿ ಮಾಡಿ ಅಂಟಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎರಡು ಸಲ ಮಾಡಿದ, ಎರಡು ಸಲವೂ ಕಿತ್ತು ಹಾಕಿದ. ಕೊನೆಗೆ ಒಂದು ಭಾನುವಾರ ಅಂಗಿ ತೊಟ್ಟು, ಆ ಸ್ಟೇಶನ್ನಿನ ಊರಿಗೆ ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಹೊರಟ. ಮೊಣಕಾಲು ನೋವಿನವನನ್ನು ಒಬ್ಬನೇ ಬಿಡುವುದಿಲ್ಲ ಎಂದು ಕ್ರಾಂತಿಯೂ ಬ್ಯಾಗು ಹಿಡಿದಳು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಬಸ್ಸಿನಲ್ಲಿ ಅವಳು ಕೇಳಿದಳು: “ಅಪ್ಪಾ, ಹನ್ನೊಂದು ವರ್ಷ ನೀನ ತಿರುವಿದ ನಲ್ಲಿ, ಇನ್ನೊಬ್ಬರನ್ನ ಯಾಕ ಕೇಳಬೇಕು?”

“ವಯಸ್ಸಾತಲ್ಲವ್ವ, ಮರ್ತೈತಿ” ಎಂದು ಹುಲುಗಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಒಂದು ಸಾಲಿಗೆ ನಲವತ್ತೆರಡು ರಿವೆಟ್ಟು ನೆನಪಿಟ್ಟವನಿಗೆ ನಲ್ಲಿ ಹೇಗೆ ಮರೆಯಿತು ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಊರ ನಡುವಿನ ಓಣಿಯಲ್ಲಿ ಕೊಟ್ರಬಸಮ್ಮ ಎಂಬ ಮುದುಕಿ ಇದ್ದಳು. ಆ ಕಾಲದಲ್ಲಿ ಕೊಡದ ಸಾಲಿನ ಮೊದಲಿಗೆ ನಿಲ್ಲುತ್ತಿದ್ದವಳು. ಹೆಸರು ಹೇಳಿದ ಮೇಲೆ ಕಣ್ಣು ಕಿರಿದು ಮಾಡಿ ನೋಡಿ, “ಯಾರು, ಹುಲುಗ ಏನ?” ಎಂದಳು. ಕ್ರಾಂತಿಯ ಹೆಗಲ ಬ್ಯಾಗು, ಕೈಗಡಿಯಾರ ಕಂಡ ಮೇಲೆ ಹುಲುಗಪ್ಪ ಎಂದು ತಿದ್ದಿಕೊಂಡಳು. ಕಟ್ಟೆಯ ಮೇಲೆ ಕೂರಿಸಿ ಸೊಸೆಯ ಕೈಲಿ ಚಹಾ ತರಿಸಿದಳು. ಬಂದ ಕಾರಣ ಕೇಳಿ ಅವಳಿಗೆ ನಗು ಬಂತು, ನೆನಪೂ ಬಂತು. ಮೂರು ನಲ್ಲಿಯಲ್ಲಿ ಎರಡು ಎಡಕ್ಕೆ ತಿರುಗಿಸಿದರೆ ಬಿಡುತ್ತಿದ್ದವಂತೆ, ನಡುವಿನದು ಮಾತ್ರ ಉಲ್ಟಾ, ಬಲಕ್ಕೆ. ಕೊನೆಯದು ಸೋರುತ್ತಿದ್ದರಿಂದ ಅದಕ್ಕೆ ಸೀರೆಯ ಚಿಂದಿ ಸುತ್ತಿದ್ದರಂತೆ.

“ಹೊಸಾ ಸೊಸಿ ಬಂದ್ರ ಬೇಕಂತ ನಡುವಿನ ನಲ್ಲಿ ಮುಂದ ನಿಲ್ಲಿಸ್ತಿದ್ವಿ” ಎಂದಳು. “ಆಕಿ ಎಡಕ್ಕ ತಿರುವಿ ತಿರುವಿ ಸೋಲಾಕಿ, ನಾವು ನಗಾವ್ರು.”

ಹುಲುಗಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹನ್ನೊಂದು ವರ್ಷ ಕೆಳಗಿನಿಂದ ಬರುತ್ತಿದ್ದ ಆ ನಗೆ ತನ್ನನ್ನು ಕುರಿತದ್ದು ಎಂದೇ ಅವನು ನಂಬಿದ್ದ. ಅದಲ್ಲ ಎಂದು ಈಗ ತಿಳಿದರೂ ಹಗುರವಾಗಲಿಲ್ಲ, ಇನ್ನಷ್ಟು ಆಯಾಸವೇ ಆಯಿತು.

ಕ್ರಾಂತಿ ಮೆಲ್ಲಗೆ ಕೇಳಿದಳು: “ಅಂದ್ರ ನಲ್ಲಿ ನೀವ ತಿರುವ್ತಿದ್ರೇನ್ರಿ? ನಮ್ಮಪ್ಪ ಅಲ್ಲ?”

“ಅವ ಹೆಂಗ ಮುಟ್ಟತಾನವ್ವ, ನಾವು ಕುಡಿಯೋ ನೀರು” ಎಂದಳು ಮುದುಕಿ. ಸೋರುವ ನಲ್ಲಿಯ ವಿಷಯ ಹೇಳಿದ ಧ್ವನಿಯಲ್ಲೇ ಹೇಳಿದಳು. “ಅವ ಮ್ಯಾಲಿರ್ತಿದ್ದ. ನಾ ಅವನ ಮಾರಿ ನೋಡಿದ್ದ ಇವತ್ತ. ಅವಾಗ ಕಾಲಷ್ಟ ಕಾಣ್ತಿದ್ವು.” ಅಂದ ಮೇಲೆ ಅವಳಿಗೇ ಏನೋ ಅನ್ನಿಸಿರಬೇಕು, ಸೆರಗು ಸರಿಮಾಡಿಕೊಂಡು, ಆಗಿನ ಕಾಲ ಹಂಗಿತ್ತು ಎಂದು ಬಾಗಿಲ ಕಡೆ ನೋಡುತ್ತ ಕೂತಳು.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಹಗರಿಬೊಮ್ಮನಹಳ್ಳಿಯ ಮೊದಲ ಮನೆಗಳು ಕಂಡಾಗ ಹುಲುಗಪ್ಪ ತಾನಾಗಿಯೇ ಹೇಳಿದ: “ನೀ ಸಣ್ಣಾಕಿ ಇದ್ದಿ. ಅಪ್ಪ ಮ್ಯಾಲೆ ಕುಂತಾನ ಅಂತ ಖುಷಿ ಪಟ್ಟಿ. ಇಳಿಯಾಕ ಮನಸ್ಸಾಗ್ಲಿಲ್ಲ ತಾಯಿ.” ಕ್ರಾಂತಿ ಅವನ ಕೈಚೀಲವನ್ನು ತಾನು ತೆಗೆದುಕೊಂಡು ಮುಂದೆ ಇಳಿದಳು. ಮನೆಗೆ ಬಂದು ಚೀಟಿಯನ್ನು ಹರಿದು ಒಲೆಗೆ ಹಾಕಿದಳು. ಅವತ್ತು ಊಟ ಮಾಡಲಿಲ್ಲ.

ಮೂರು ದಿನ ಅಪ್ಪ ಮಗಳ ನಡುವೆ ಹೂಂ, ಉಹೂಂ ಅಷ್ಟೇ. ಆ ಮೂರು ದಿನದಲ್ಲಿ ಹುಲುಗಪ್ಪ ನಲ್ಲಿಗಳನ್ನು ಮಾಡಿದ. ಪೆನ್ನಿನ ರೀಫಿಲ್ಲಿನ ಹಿತ್ತಾಳೆ ತುದಿಗಳನ್ನು ಕೊರೆದು, ಸೂಜಿಯಷ್ಟು ಸಣ್ಣ ತಿರುಪು ಕೂರಿಸಿ, ನಡುವಿನದನ್ನು ಉಲ್ಟಾ ಮಾಡಿ, ಕೊನೆಯದಕ್ಕೆ ಪಕ್ಕೀರಮ್ಮನ ಹಳೆಯ ಸೀರೆಯ ಎಳೆ ಸುತ್ತಿದ. ಕಣ್ಣು ನೀರಾಡುತ್ತಿತ್ತು, ತಿರುಪು ಎರಡೆರಡಾಗಿ ಕಾಣುತ್ತಿತ್ತು. ಇನ್ನೊಂದು ವ್ಯಾಗನ್ ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಪೈಪನ್ನು ಮಾತ್ರ ಬೆಸುಗೆ ಹಾಕಿ ಕೂರಿಸಲಿಲ್ಲ. ಹಾಕಿ ತೆಗೆಯುವಂತೆ ಮಾಡಿ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಕಟ್ಟಿ, ಅದಕ್ಕೊಂದು ಕೊಂಡಿ ಇಟ್ಟ. ಗುಮ್ಮಟದ ಪಕ್ಕದಲ್ಲಿ, ಯಾರೂ ಹೇಳದಿದ್ದರೂ, ಉಗುರಿನಷ್ಟು ಗೋಣಿಯ ತುಂಡು ಹಾಸಿದ.

ನಾಲ್ಕನೆಯ ದಿನ ಸಂಜೆ ಕ್ರಾಂತಿ ಕಚೇರಿಯಿಂದ ಬಂದು ವ್ಯಾಗನ್ನಿನ ಮುಂದೆ ಕೂತಳು. ಪೆಟ್ಟಿಗೆ ತೆರೆದು ನೋಡಿದಳು, ಗೋಣಿಯ ತುಂಡು ನೋಡಿದಳು. ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದಳು. ಇದ್ದದ್ದನ್ನು ಬರಿ ಎಂದ ಹುಲುಗಪ್ಪ. ಅವನು ಹೇಳಿದಂತೆ ಅವಳು ಬರೆದುಕೊಂಡಳು: ‘ನೀರಿನ ವ್ಯಾಗನ್. ನಲ್ಲಿಯ ಪೈಪು ಬಿಚ್ಚುವಂಥದ್ದು. ಊರವರ ನೀರು ಮುಗಿದ ಮೇಲೆ ಬಿಚ್ಚಿ ಒಯ್ಯುತ್ತಿದ್ದರು.’

ಬರೆದು ಮುಗಿಸಿದವಳು ಚೆಂಬಿನಲ್ಲಿ ನೀರು ತಂದು ಗುಮ್ಮಟದಿಂದ ಟ್ಯಾಂಕು ತುಂಬಿದಳು. ಪೆಟ್ಟಿಗೆಯಿಂದ ಪೈಪು ತೆಗೆದು ತಾನೇ ಜೋಡಿಸಿ, ವ್ಯಾಗನ್ನನ್ನು ಅಪ್ಪನ ಕಡೆ ಸರಿಸಿದಳು.

“ತಿರುವಪ್ಪಾ” ಎಂದಳು.

ಹುಲುಗಪ್ಪನ ಬೆರಳುಗಳು ಮೇಲಿನ ವಾಲ್ವಿಗೆ ತಾವಾಗಿಯೇ ಹೋದವು. ಅದನ್ನು ತಿರುಗಿಸಿ ತೆರೆದ ಮೇಲೆ ಕೈ ಕೆಳಗಿಳಿಯಲಿಲ್ಲ, ಗುಮ್ಮಟದ ಹತ್ತಿರವೇ ನಿಂತುಬಿಟ್ಟಿತು. ತಾನೇ ಮಾಡಿದ ನಲ್ಲಿ, ತನ್ನದೇ ಮನೆ, ತಡೆಯುವವರು ಯಾರೂ ಇಲ್ಲ. ಆದರೂ ಆಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಪಕ್ಕೀರಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಲೋಟ ತೆಗೆದುಕೊಂಡು ಬಂದು ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಇಳೀರಿ” ಎಂದಳು. “ಹೋದ್ರು.”

ಹುಲುಗಪ್ಪ ಕೈಯನ್ನು ಕೆಳಗೆ ತಂದು ನಡುವಿನ ನಲ್ಲಿಯನ್ನು ಬಲಕ್ಕೆ ತಿರುಗಿಸಿದ. ದಾರದಷ್ಟು ಸಣ್ಣಗೆ ನೀರು ಬಂತು, ಪಕ್ಕೀರಮ್ಮ ಅದಕ್ಕೆ ಲೋಟ ಹಿಡಿದಳು.